ಹಳೆಯ ಫೋರಂ ಬಿಟ್ಟು ಜನ ಚಾಟ್ ಕಡೆ ಹೊರಟಾಗ ಏನು ಕೈತಪ್ಪುತ್ತದೆ, ಏನನ್ನು ಉಳಿಸಿಕೊಳ್ಳಬಹುದು?

ಹದಿನೈದು ವರ್ಷದ ಫೋರಂ ಖಾಲಿಯಾಗುತ್ತಿದೆ, ಎಲ್ಲರೂ ಡಿಸ್ಕಾರ್ಡ್ (ಗುಂಪು ಚಾಟ್ ಆ್ಯಪ್), ವಾಟ್ಸಾಪ್ ಅನ್ನುತ್ತಿದ್ದಾರೆ, ಹೋದರೆ ಏನು ಬದಲಾಗುತ್ತದೆ, ಹಳೆಯದನ್ನು ಹೇಗೆ ಸಾಗಿಸುವುದು ಎಂದು ಕೇಳಿದ್ದೀರಿ.

ಬದಲಾಗುವುದು ಮುಖ್ಯವಾಗಿ ಮಾತಿನ ಆಯುಷ್ಯ. ಫೋರಂನಲ್ಲಿ ಎರಡು ವರ್ಷ ಹಳೆಯ ಪ್ರಶ್ನೆಗೆ ಇವತ್ತು ಯಾರೋ ಉತ್ತರ ಬರೆದರೂ ಆ ಥ್ರೆಡ್, ಅಂದರೆ ಪ್ರಶ್ನೆ ಮತ್ತು ಅದರ ಉತ್ತರಗಳ ಸರಣಿ, ಪಟ್ಟಿಯ ಮೇಲಕ್ಕೆ ಬರುತ್ತದೆ, ಎಲ್ಲರೂ ಇನ್ನೊಮ್ಮೆ ಓದುತ್ತಾರೆ. ಚಾಟ್‌ನಲ್ಲಿ ಬೆಳಿಗ್ಗೆ ಕೇಳಿದ್ದು ಸಂಜೆಯೊಳಗೆ ಎಲ್ಲೋ ಸರಿದುಹೋಗಿರುತ್ತದೆ. ಹಾಗಾಗಿ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಉತ್ತರ ಹೇಳುವವರಿಗೆ ಸಾಕಾಗುತ್ತದೆ. ಅವರಿರುವುದೇ ಬೆರಳೆಣಿಕೆಯಷ್ಟು. ನೂರರಲ್ಲಿ ತೊಂಬತ್ತು ಜನ ಓದಿ ಹೋಗುತ್ತಾರೆ, ಒಂಬತ್ತು ಜನ ಆಗೀಗ ಬರೆಯುತ್ತಾರೆ, ಹೆಚ್ಚಿನದೆಲ್ಲ ಬರೆಯುವವರು ಒಬ್ಬರು ಎಂದು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲೇ ಹೇಳಿದ್ದರು. ಆ ಒಬ್ಬರು ಸುಮ್ಮನಾದರೂ ಸದಸ್ಯರ ಸಂಖ್ಯೆ ಏರುತ್ತಲೇ ಇರುತ್ತದೆ. ನಡೆಸುವವರು ಮೋಸಹೋಗುವುದು ಇಲ್ಲೇ.

ಇನ್ನೊಂದು, ಡಿಸ್ಕಾರ್ಡ್ ಒಳಗಿನ ಮಾತು ಗೂಗಲ್ ಹುಡುಕಾಟಕ್ಕೆ ಸಿಗುವುದಿಲ್ಲ. 2022ರಲ್ಲಿ ಡಿಸ್ಕಾರ್ಡ್‌ನವರೇ ವಿಷಯವಾರು ಥ್ರೆಡ್ ಇಡುವ ಫೋರಂ ಚಾನೆಲ್ ತಂದರು, ಅದರಿಂದ ಒಳಗಿದ್ದವರಿಗೆ ಅನುಕೂಲವಾಯಿತು, ಹೊರಗಿನವರಿಗೆ ಏನೂ ಆಗಲಿಲ್ಲ. ಹುಡುಕುತ್ತಾ ಬಂದು ಸದಸ್ಯರಾಗುವ ಅಪರಿಚಿತರ ದಾರಿ ಅಲ್ಲಿಗೆ ಮುಚ್ಚಿತು. ವಾಟ್ಸಾಪ್‌ನಂತೆ ಫೋನ್ ನಂಬರ್ ಕಾಣುವ ಗುಂಪಾದರೆ ಅಡ್ಡಹೆಸರಿನಲ್ಲಿ ಧೈರ್ಯವಾಗಿ ಬರೆಯುತ್ತಿದ್ದವರೂ ಬಾಯಿ ಮುಚ್ಚುತ್ತಾರೆ. ಹೊರಡುವ ಜಾಗ ನೀವೇ ಆರಿಸುವುದಾದರೆ ಡಿಸ್ಕೋರ್ಸ್‌ನಂಥ ಫೋರಂ ತಂತ್ರಾಂಶ ಇಟ್ಟುಕೊಂಡು, ಹರಟೆಗೆ ಮಾತ್ರ ಚಾಟ್ ಇಡಿ ಎನ್ನುತ್ತೇನೆ.

ಈಗ ಸಾಗಣೆ. ಹೊರಡುವ ಘೋಷಣೆಗೆ ಮೊದಲೇ ಬ್ಯಾಕಪ್ ಆಗಿರಬೇಕು. ಮುಚ್ಚುವವರು ಕೊಡುವ ಗಡುವು ಸಣ್ಣದು. ಇಮೇಲ್ ಗುಂಪುಗಳ ತಾಣ ಯಾಹೂ ಗ್ರೂಪ್ಸ್ 2019ರ ಅಕ್ಟೋಬರ್ ಮಧ್ಯದಲ್ಲಿ, ಡಿಸೆಂಬರ್ 14ಕ್ಕೆ ಎಲ್ಲವನ್ನೂ ಅಳಿಸುವುದಾಗಿ ತಿಳಿಸಿತು. ಗಲಾಟೆಯಾದ ಮೇಲೆ ಡೌನ್‌ಲೋಡ್ ಗಡುವು 2020ರ ಜನವರಿ 31ಕ್ಕೆ ಹೋಯಿತು, ಅಷ್ಟೆ. ಸರ್ವರ್ ನಿಮ್ಮದೇ ಆದರೆ ಪೂರ್ತಿ ಡೇಟಾಬೇಸ್ ಡಂಪ್ (ಎಲ್ಲ ಬರಹಗಳ ಒಂದೇ ಕಡತದ ಪ್ರತಿ), ಅಪ್‌ಲೋಡ್ ಕಡತಗಳ ಫೋಲ್ಡರ್, ಎರಡನ್ನೂ ತೆಗೆದು ಬೇರೆ ಯಂತ್ರದಲ್ಲಿ ಬಿಚ್ಚಿ ನೋಡಿ. ಬಿಚ್ಚಿ ನೋಡದ ಬ್ಯಾಕಪ್ಪನ್ನು ನಂಬಬೇಡಿ. ಫೋರಂ ಬರಹ ಕೂಡಿಡುವ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ ಹಳೆಯ ಟೇಬಲ್‌ಗಳು ಲ್ಯಾಟಿನ್1 (ಪಾಶ್ಚಾತ್ಯ ಅಕ್ಷರಗಳ ಸಂಕೇತ ಪದ್ಧತಿ) ಎಂದು ಬರೆದುಕೊಂಡು ಒಳಗೆ ಯುಟಿಎಫ್-8 (ಎಲ್ಲ ಲಿಪಿಗಳ ಸಂಕೇತ ಪದ್ಧತಿ) ತುಂಬಿಕೊಂಡಿರುವುದುಂಟು. ನೇರ ಪರಿವರ್ತಿಸಿದರೆ ಇಂಗ್ಲಿಷ್ ಸರಿ ಕಾಣುತ್ತದೆ, ಬೇರೆ ಲಿಪಿಯೆಲ್ಲ ಕಸವಾಗುತ್ತದೆ. ಇಂಗ್ಲಿಷ್ ಪುಟ ಮಾತ್ರ ನೋಡಿ 'ಆಯ್ತು' ಅನ್ನುವವರು ಬಹಳ.

ಚಿತ್ರಗಳದ್ದು ಬೇರೆಯೇ ಗೋಳು. ಹಳೆಯ ಪೋಸ್ಟ್‌ಗಳಲ್ಲಿ ಚಿತ್ರ ಇರುವುದಿಲ್ಲ, ಇನ್ನೊಂದು ತಾಣದ ಲಿಂಕ್ ಇರುತ್ತದೆ. 2017ರಲ್ಲಿ ಚಿತ್ರ ಇಡುವ ತಾಣ ಫೋಟೋಬಕೆಟ್ ಹೊರತಾಣಗಳಲ್ಲಿ ಚಿತ್ರ ತೋರಿಸಲು ವರ್ಷಕ್ಕೆ 400 ಡಾಲರ್ ಕೇಳಿದಾಗ ಎಷ್ಟೋ ಫೋರಂಗಳ 'ಹೀಗೆ ಮಾಡಿ' ಪಾಠಗಳು ರಾತ್ರೋರಾತ್ರಿ ಕುರುಡಾದವು. ಈಗ ಜೀವಂತ ಇರುವ ಲಿಂಕ್‌ಗಳ ಚಿತ್ರಗಳನ್ನಾದರೂ ಇಳಿಸಿ ನಿಮ್ಮ ಸರ್ವರ್‌ನಲ್ಲೇ ಇಡಿ. ಡಿಸ್ಕಾರ್ಡ್‌ಗೆ ಹಾಕಿ ಅಲ್ಲಿಂದ ಲಿಂಕ್ ಕೊಡುವ ಉಪಾಯ ನಡೆಯದು, ಆ ಲಿಂಕ್‌ಗಳು ಹೊರಗೆ ಒಂದು ದಿನಕ್ಕೇ ಮುಗಿಯುತ್ತವೆ.

ಹಳೆಯ ಪಾಸ್‌ವರ್ಡ್‌ಗಳು ಸಾಮಾನ್ಯವಾಗಿ ಹೊಸ ಜಾಗದಲ್ಲಿ ಕೆಲಸ ಮಾಡುವುದಿಲ್ಲ, ಎಲ್ಲರೂ ಇಮೇಲ್ ಮೂಲಕ ಹೊಸದು ಹಾಕಿಕೊಳ್ಳಬೇಕು. ಆದರೆ ಹದಿನೈದು ವರ್ಷದ ಹಿಂದಿನ ಇಮೇಲ್ ಎಷ್ಟೋ ಜನಕ್ಕೆ ಈಗಿಲ್ಲ. ಆದ್ದರಿಂದ ಹಳೆಯ ತಾಣ ತೆರೆದಿರುವಾಗಲೇ, ಕನಿಷ್ಠ ಒಂದು ತಿಂಗಳು, 'ನಿಮ್ಮ ಇಮೇಲ್ ಸರಿಪಡಿಸಿ' ಎಂಬ ಸೂಚನೆ ಪ್ರತಿ ಪುಟದ ಮೇಲೆ ಹಾಕಿ. ಸದಸ್ಯರ ಖಾಸಗಿ ಸಂದೇಶಗಳು ಎಲ್ಲರೂ ಓದುವ ಪ್ರತಿಯೊಳಗೆ ಸೇರದಂತೆ ನೋಡಿಕೊಳ್ಳಿ.

ಜನರನ್ನು ಒಟ್ಟಿಗೆ ಕರೆಯಬೇಡಿ. ಕಳೆದ ಆರು ತಿಂಗಳಲ್ಲಿ ಅತಿ ಹೆಚ್ಚು ಉತ್ತರ ಬರೆದ ಇಪ್ಪತ್ತು ಮಂದಿಯನ್ನು ಮೊದಲು ಹೊಸ ಜಾಗಕ್ಕೆ ಕರೆದು ಎರಡು ವಾರ ಅಲ್ಲೇ ಮಾತಾಡಲು ಬಿಡಿ. ಖಾಲಿ ಮನೆಗೆ ಬಂದವರು ಎರಡನೇ ಸಲ ಬರುವುದಿಲ್ಲ. ಆಮೇಲೆ ಒಂದು ದಿನ ನಿಗದಿ ಮಾಡಿ ಹಳೆಯದನ್ನು ಓದಲು ಮಾತ್ರ ಎಂದು ಬೀಗ ಹಾಕಿ. ಎರಡೂ ಕಡೆ ಬರೆಯಲು ಬಿಟ್ಟರೆ ಎರಡೂ ಕಡೆ ಅರ್ಧರ್ಧ ಜನ ಉಳಿದು ಎರಡೂ ಸೊರಗುತ್ತವೆ.

ಹಳೆಯ ಥ್ರೆಡ್ ಸಂಖ್ಯೆಯಿಂದ ಹೊಸ ವಿಳಾಸಕ್ಕೆ 301 ಮರುನಿರ್ದೇಶನ (ಹಳೆಯ ಲಿಂಕ್ ಒತ್ತಿದವರನ್ನು ತಾನಾಗಿ ಹೊಸ ಪುಟಕ್ಕೆ ಕಳಿಸುವ ವ್ಯವಸ್ಥೆ) ಹಾಕಿ, ಇಲ್ಲದಿದ್ದರೆ ಬೇರೆ ತಾಣಗಳಿಂದ ಬಂದ ಲಿಂಕ್‌ಗಳೆಲ್ಲ ಸತ್ತಂತೆ. ಡೊಮೇನ್ ನವೀಕರಣ ನಿಲ್ಲಿಸಬೇಡಿ. ಬಿಟ್ಟ ಹೆಸರನ್ನು ಜೂಜಿನ ತಾಣದವರು ಕೊಂಡು ನಿಮ್ಮ ಹಳೆಯ ಲಿಂಕ್‌ಗಳ ಲಾಭ ಪಡೆಯುತ್ತಾರೆ. ಡೊಮೇನ್ ಖಾತೆಯ ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ ಇರಬಾರದು, ಇಬ್ಬರಿಗಾದರೂ ಗೊತ್ತಿರಲಿ.