ಮಾರುತಿ ಜಿಮ್ನಿ ಕಾರಿನ ಹಿಂದೆ ಸಾಮಾನು ಕಟ್ಟೋದು: ಬಂಜಿ ಹಗ್ಗ ಸಾಕಾ?
ಸಕಲೇಶಪುರದ ಕಚ್ಚಾ ರಸ್ತೆಯಲ್ಲಿ ಸಾಮಾನೆಲ್ಲ ಚೆಲ್ಲಾಪಿಲ್ಲಿ ಆಗುತ್ತದೆ, ಬಂಜಿ ಹಗ್ಗ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅದರೊಳಗಿನ ರಬ್ಬರ್ ಹಿಗ್ಗುತ್ತದೆ, ಗುಂಡಿಗೆ ಇಳಿದಾಗ ಭಾರದ ವಸ್ತು ಎಗರುತ್ತದೆ. ಚಾಪೆ, ಜಾಕೆಟ್‌ಗೆ ಸರಿ, ಅಷ್ಟೇ. ನೀರಿನ ಕ್ಯಾನು, ಟೂಲ್ ಬಾಕ್ಸ್‌ಗೆ ರ‍್ಯಾಚೆಟ್ ಪಟ್ಟಿಯೇ (ಲಿವರ್ ಆಡಿಸಿ ಬಿಗಿ ಮಾಡುವ, ಹಿಗ್ಗದ ಪಟ್ಟಿ) ಬೇಕು. ತುಂಬಿದ 20 ಲೀಟರ್ ಕ್ಯಾನು ಅಂದರೆ 20 ಕೆಜಿಗೂ ಜಾಸ್ತಿ ಅಲ್ವಾ? ಅದನ್ನು ನೆಲಕ್ಕೇ ಕೂರಿಸಿ, ಸೀಟಿನ ಬೆನ್ನಿಗೆ ಒತ್ತಿ ಕಟ್ಟಿ. ಕೊಕ್ಕೆಯನ್ನು ಮಾತ್ರ ಪ್ಲಾಸ್ಟಿಕ್ ಹಿಡಿಗೆ ಸಿಕ್ಕಿಸಬೇಡಿ, ಗಾಡಿಯ ಬಾಡಿಯಲ್ಲಿ ಬೋಲ್ಟ್ ಹಾಕಿರುವ ಲೋಹದ ಕೊಂಡಿಗೇ ಹಾಕಿ. ನಾನು ಸುಮ್ನೆ ಸೋಮಾರಿತನಕ್ಕೆ ಹಿಡಿಗೆ ಕಟ್ಟಿದ್ದೆ. ಬಿಸಿಲೆ ಘಾಟಿಯಲ್ಲಿ ಅದು ಕಿತ್ತು ಬಂತು, ಕುಕ್ಕರ್ ಮುಂದಕ್ಕೆ ಬಂದು ಗೇರ್ ಪಕ್ಕ ಕೂತಿತು! ಹೊರಟು ಐದಾರು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಪಟ್ಟಿ ಎಳೆದು ನೋಡಿ. ಸಾಮಾನು ಕುಲುಕಿ ಕೂತಿರುತ್ತದೆ, ಪಟ್ಟಿ ಸಡಿಲವಾಗಿರುತ್ತದೆ.