ಲಾಕ್‌ಗೆ ಸಬ್ಸಿಡಿ ಕೊಡ್ತಾರಂತೆ, ಹೌದಾ ಮೇಡಂ?

ಪ್ರಶ್ನೆ: ಮೇಡಂ, ಹೋದ ವಾರ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತೆಗೆದುಕೊಂಡೆ. ಮನೆಗೆ ಶೆಡ್ ಇಲ್ಲ, ರಾತ್ರಿ ರಸ್ತೆಯಲ್ಲೇ ನಿಲ್ಲಿಸಬೇಕು. ಆಕ್ಸೆಸರೀಸ್ ಅಂಗಡಿಯವನು 4,500 ರೂಪಾಯಿಗೆ ಜಿಪಿಎಸ್ ಲಾಕ್ ಹಾಕಿಕೊಡುತ್ತಾನಂತೆ. ಅರ್ಧ ದುಡ್ಡು ಸರ್ಕಾರದ ಸಬ್ಸಿಡಿಯಾಗಿ ವಾಪಸ್ ಬರುತ್ತದೆ, ಆಧಾರ್, ಆರ್‌ಸಿ ಜೆರಾಕ್ಸ್ ಜೊತೆಗೆ ಫೈಲ್ ಖರ್ಚು 600 ಕೊಡಿ ಎನ್ನುತ್ತಾನೆ. ಕೆನಡಾದ ವಿನಿಪೆಗ್‌ನಲ್ಲಿರುವ ಮಗಳಿಗೆ ಹೇಳಿದೆ. ಅವಳ ಮನೆ ಮಾಲೀಕರ ಹಳೇ ಕಾರಿಗೆ ಹಿಂದೆ ಪುಕ್ಕಟೆಯಾಗಿಯೇ ಹಾಕಿಕೊಟ್ಟಿದ್ದರಂತೆ. ನಮ್ಮಲ್ಲೂ ಬಂದಿದೆಯಾ?
- ಓದುಗರು, ದಾವಣಗೆರೆ

ಉತ್ತರ: ಆ 600 ರೂಪಾಯಿ ಕೊಡಬೇಡಿ. ಆಧಾರ್ ಜೆರಾಕ್ಸಂತೂ ಬೇಡವೇ ಬೇಡ. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಲಾಕ್ ಹಾಕಿಸಿದರೆ ಅರ್ಧ ದುಡ್ಡು ವಾಪಸ್ ಕೊಡುವ ಸರ್ಕಾರಿ ಸಬ್ಸಿಡಿ ನಮ್ಮಲ್ಲಿಲ್ಲ.

ಅಂಗಡಿಯವನು ಎರಡು ಬೇರೆ ಬೇರೆ ವಿಷಯ ಕಲಸಿ ನಿಮ್ಮ ಮುಂದೆ ಇಟ್ಟಿದ್ದಾನೆ. ಹಳದಿ ಬೋರ್ಡಿನ ಟ್ಯಾಕ್ಸಿ, ಬಸ್ಸುಗಳಿಗೆ ಪ್ಯಾನಿಕ್ ಬಟನ್ ಇರುವ ಟ್ರ್ಯಾಕಿಂಗ್ ಸಾಧನ ಹಾಕಿಸಬೇಕು ಎಂಬ ನಿಯಮ ಒಂದಿದೆ. ಅದು ಪ್ರಯಾಣಿಕರ ಸುರಕ್ಷತೆಗೆ ಮಾಡಿದ್ದು. ನಿಮ್ಮ ಸ್ವಿಫ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು, ಕಳ್ಳತನ ತಡೆಯುವ ಸಾಧನ ಹಾಕಿಸಿದರೆ ಸಿಗುವ ಇನ್ಶೂರೆನ್ಸ್ ರಿಯಾಯಿತಿ. ಇದು ನಿಜ, ಆದರೆ ಲೆಕ್ಕ ಹಾಕಿ ನೋಡಿ. ಕಾರಿನ ಪಾಲಿಸಿಯಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ (ಬೇರೆಯವರಿಗಾಗುವ ನಷ್ಟಕ್ಕೆ), ಓನ್ ಡ್ಯಾಮೇಜ್ ಪ್ರೀಮಿಯಂ (ನಿಮ್ಮ ಕಾರಿನ ಹಾನಿ, ಕಳ್ಳತನಕ್ಕೆ) ಎಂದು ಎರಡು ಭಾಗ ಇರುತ್ತದೆ. ಮೋಟಾರ್ ಟಾರಿಫ್ (ವಾಹನ ವಿಮೆಯ ದರ, ನಿಯಮಗಳ ಪುಸ್ತಕ) ಪ್ರಕಾರ ರಿಯಾಯಿತಿ ಸಿಗುವುದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಅದೂ ಶೇ. 2.5, ಗರಿಷ್ಠ 500 ರೂಪಾಯಿ. ನಿಮ್ಮ ಓನ್ ಡ್ಯಾಮೇಜ್ 6,000 ಎಂದುಕೊಂಡರೆ ವರ್ಷಕ್ಕೆ ಉಳಿಯುವುದು 150 ರೂಪಾಯಿ. 4,500 ವಾಪಸ್ ಬರಲು 30 ವರ್ಷ ಬೇಕು! ಅಷ್ಟೊತ್ತಿಗೆ ಸ್ವಿಫ್ಟೂ ಇರಲ್ಲ, ಆ ಅಂಗಡಿಯೂ ಇರಲ್ಲ.

ಈ 150ಕ್ಕೂ ಷರತ್ತು ಇದೆ. ಸಾಧನಕ್ಕೆ ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐ ಸಂಸ್ಥೆಯ ಮಾನ್ಯತೆ ಇರಬೇಕು. ಹಾಕಿಸಿದ ಮೇಲೆ ಟಾರಿಫ್‌ನಲ್ಲಿ ಹೆಸರಿಸಿದ ಆಟೊಮೊಬೈಲ್ ಅಸೋಸಿಯೇಷನ್ ಒಂದರಿಂದ ಸರ್ಟಿಫಿಕೇಟ್ ತರಬೇಕು. ಸಾಮಾನ್ಯರು ಇಷ್ಟೆಲ್ಲ ಓಡಾಡುವುದಿಲ್ಲ. ಆನ್‌ಲೈನ್ ಫಾರ್ಮಿನಲ್ಲಿ ‘ಆಂಟಿ ಥೆಫ್ಟ್ ಸಾಧನ ಇದೆ’ ಎಂಬ ಚೌಕಕ್ಕೆ ಸುಮ್ನೆ ಟಿಕ್ ಹಾಕಿಬಿಡುತ್ತಾರೆ.

ಅಲ್ಲೇ ಎಡವಟ್ಟಾಗುವುದು. ನಾನು ಇನ್ಶೂರೆನ್ಸ್ ಕಂಪನಿಯೊಂದರ ಕ್ಲೇಮ್ ವಿಭಾಗದಲ್ಲಿ ಕೂತಿದ್ದಾಗ ಒಬ್ಬ ಮೇಷ್ಟ್ರ ಕಾರು ಕಳುವಾಯಿತು. ಸಾಧುಪ್ರಾಣಿ. ಏಜೆಂಟ್ ಹಾಕಿದ್ದ ಒಂದು ಟಿಕ್‌ನಿಂದ ಅವರಿಗೆ ಉಳಿದಿದ್ದು 140 ರೂಪಾಯಿ. ಫೈಲ್ ತೆಗೆದು ‘ಸಾಧನದ ಸರ್ಟಿಫಿಕೇಟ್ ಎಲ್ಲಿ?’ ಎಂದು ಬರೆದವಳು ನಾನೇ. ಬರೆಯಲೇಬೇಕಿತ್ತು. ಮೇಷ್ಟ್ರು ಐದು ತಿಂಗಳು ಅಲೆದರು. ಕೊನೆಗೆ ಕಂಪನಿಯವರು ಒಂದಿಷ್ಟು ಕಡಿತ ಮಾಡಿ ದುಡ್ಡು ಕೊಟ್ಟರು. ನನ್ನ ಟೇಬಲ್ ಮುಂದೆ ಟೋಪಿ ತೆಗೆದು ಕೂರುತ್ತಿದ್ದ ಅವರ ಮುಖ ಈಗಲೂ ನೆನಪಿದೆ. ನಿಮ್ಮ ಪಾಲಿಸಿಯಲ್ಲೂ ಆ ಟಿಕ್ ಇದೆಯಾ ನೋಡಿಕೊಳ್ಳಿ. ಸಾಧನ ಇಲ್ಲದಿದ್ದರೆ ಇವತ್ತೇ ತೆಗೆಸಿ.

ಮಗಳು ಹೇಳಿದ್ದು ಸುಳ್ಳಲ್ಲ. ಒಂದು ಕಾಲದಲ್ಲಿ ಕೆನಡಾದಲ್ಲೇ ಅತಿ ಹೆಚ್ಚು ಕಾರು ಕಳ್ಳತನ ವಿನಿಪೆಗ್‌ನಲ್ಲಿತ್ತು. ಬಹಳಷ್ಟು ಸಲ ಕದಿಯುತ್ತಿದ್ದವರು ಹುಡುಗರು, ಮಜಾಕ್ಕೆ ಓಡಿಸಿ ಎಲ್ಲೋ ಬಿಟ್ಟುಹೋಗುತ್ತಿದ್ದರು. ಕಳ್ಳರು ಜಾಸ್ತಿ ಕಣ್ಣು ಹಾಕುವ ಹಳೇ ಮಾಡೆಲ್‌ಗಳ ಪಟ್ಟಿ ಮಾಡಿ, ಅವಕ್ಕೆ ಇಮೊಬಿಲೈಸರ್ ಇರಲೇಬೇಕು ಎಂದು 2007ರಲ್ಲಿ ಕಡ್ಡಾಯ ಮಾಡಿದರು. ಖರ್ಚು ಮಾಲೀಕರದ್ದಲ್ಲ. ಸರಿಯಾದ ಕೀಯ ಸಂಕೇತ ಸಿಗದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನ ಅದು. ಜೊತೆಗೆ ಪೊಲೀಸರು ಪದೇ ಪದೇ ಕದಿಯುವ ಹುಡುಗರ ಬೆನ್ನು ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಕಳ್ಳತನ ಶೇ. 80ಕ್ಕೂ ಹೆಚ್ಚು ಇಳಿಯಿತು.

ಅವರೇನು ಧರ್ಮಕ್ಕೆ ಕೊಟ್ಟಿದ್ದಲ್ಲ. ವಿನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಎಲ್ಲ ಕಾರುಗಳ ಮೂಲ ವಿಮೆ ಮಾಡುವುದು ಮ್ಯಾನಿಟೋಬಾ ಪಬ್ಲಿಕ್ ಇನ್ಶೂರೆನ್ಸ್ ಎಂಬ ಸರ್ಕಾರಿ ಸಂಸ್ಥೆ ಒಂದೇ. ಕಾರು ಕಳುವಾದರೆ ಅದರದ್ದೇ ದುಡ್ಡು ಹೋಗುತ್ತದೆ. ಹಾಗಾಗಿ ಲಾಕ್ ಕೊಡಿಸುವುದೇ ಅದಕ್ಕೆ ಅಗ್ಗ. ನಮ್ಮಲ್ಲಿ ಹತ್ತಾರು ಕಂಪನಿ. ಒಂದು ಕಂಪನಿ ಈ ವರ್ಷ ನಿಮಗೆ ಲಾಕ್ ಕೊಡಿಸಿದರೆ ಮುಂದಿನ ವರ್ಷ ನೀವು ಇನ್ನೊಂದರ ಹತ್ತಿರ ಹೋಗುತ್ತೀರಿ. ಯಾರು ಕೊಡಿಸ್ತಾರೆ ಹೇಳಿ?

ಇಷ್ಟಾಗಿಯೂ ರಸ್ತೆ ಬದಿ ನಿಲ್ಲುವ ಕಾರಿಗೆ ಗೇರ್ ಲಾಕ್ ಹಾಕಿಸಿ. ಕಣ್ಣಿಗೆ ಕಾಣುವ ಕಬ್ಬಿಣಕ್ಕೆ ಅದರದೇ ಮರ್ಯಾದೆ ಇದೆ. ಜಿಪಿಎಸ್ ಬೇಕಿದ್ದರೂ ಹಾಕಿಸಿ, ಆದರೆ ಅದು ಕಾರು ಎಲ್ಲಿಗೆ ಹೋಯಿತು ಎಂದು ಹೇಳುತ್ತದೆ ಅಷ್ಟೆ. ವೈರಿಂಗ್ ಕತ್ತರಿಸಿ ಜೋಡಿಸುವುದಾದರೆ ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಕೇಳಿ.

ನೀವು ಕೇಳದೇ ಇದ್ದದ್ದೂ ಒಂದಿದೆ, ಅದೇ ಮುಖ್ಯ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಆಗಿದೆಯಾ? ಕಾರು ಕೈ ಬದಲಾದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಪಾಲಿಸಿ ಹಳೇ ಮಾಲೀಕರ ಹೆಸರಿನಲ್ಲೇ ಉಳಿದು ಕಾರು ಕಳುವಾದರೆ ಕ್ಲೇಮ್ ಸಿಗುವುದು ಕಷ್ಟ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಳ್ಳತನಕ್ಕೆ ಒಂದು ಪೈಸೆಯೂ ಇಲ್ಲ. ನೀವು ಹೋದ ವಾರ ಕೊಂಡಿದ್ದೀರಿ, ಇನ್ನೂ ದಿನ ಇದೆ. ನಾಳೆಯೇ ಹೋಗಿ.

ಪ್ರಶ್ನೆ: ನನ್ನ ಕಾರಿನ ಒಂದು ಕೀ ಕಳೆದು ವರ್ಷವಾಯಿತು. ಕಳ್ಳತನದ ಕ್ಲೇಮಿಗೆ ಎರಡೂ ಕೀ ಕೇಳುತ್ತಾರಂತೆ, ನಿಜವಾ?
- ಗೃಹಿಣಿ, ಹಾಸನ

ಉತ್ತರ: ಕೇಳುತ್ತಾರೆ. ಕಾರು ಹೋದ ಮೇಲೆ ‘ಕೀ ಮೊದಲೇ ಕಳೆದಿತ್ತು’ ಎಂದರೆ ಅನುಮಾನ ಪಡುತ್ತಾರೆ. ಈಗಲೇ ಠಾಣೆಯಲ್ಲಿ ಕೀ ಕಳೆದ ದೂರು ಕೊಟ್ಟು ರಸೀದಿ ಇಟ್ಟುಕೊಳ್ಳಿ. ಆಮೇಲೆ ಸರ್ವಿಸ್ ಸೆಂಟರ್‌ನಲ್ಲಿ ಹೊಸ ಕೀ ಮಾಡಿಸಿ, ಹಳೇ ಕೀಯ ಕೋಡ್ ಅಳಿಸಲು ಹೇಳಿ. ಬಿಲ್ ಜೋಪಾನ. ನಮ್ಮೆಜಮಾನರ ಹಾಗೆ ಅದನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇಡಬೇಡಿ!