ಪಂಕ್, ಮೆಟಲ್ ಎರಡಕ್ಕೂ ಒಂದೇ ಬೇರು ಇದೆಯಾ?

ರಾಕ್ ಸಂಗೀತದ ಎರಡು ಬಗೆಗಳಾದ ಪಂಕ್‌ಗೂ ಹೆವಿ ಮೆಟಲ್‌ಗೂ ಒಂದೇ ಬೇರು ಅಂತಾರೆ, ಯಾವ ಹಾಡಿನಿಂದ ಕೇಳೋಕೆ ಶುರು ಮಾಡಲಿ ಅಂತ ಕೇಳಿದ್ದೀರಿ. ಬೇರು ಒಂದೇ ಅಲ್ಲ, ಆದ್ರೆ ಎರಡೂ ನೀರು ಕುಡಿದ ಒಂದು ಬಾವಿ ಇದೆ. ಅದು ಲಂಡನ್ನಿನ ಕಿಂಕ್ಸ್ ತಂಡದ 'ಯೂ ರಿಯಲಿ ಗಾಟ್ ಮಿ', 1964.

ತಂಡದ ಗಿಟಾರ್ ವಾದಕ ಡೇವ್ ಡೇವಿಸ್‌ಗೆ ಆಗ 17 ವರ್ಷ. ತನ್ನ ಪುಟ್ಟ ಆಂಪ್ಲಿಫೈಯರ್‌ನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿಬಿಟ್ಟ. ಕಾಗದ ಪಟಪಟ ಅಂತ ಅದುರಿ ಸ್ವರ ಒಡೆದು ಒರಟಾಯಿತು. ಅದರ ಮೇಲೆ ಒಂದು ಸಣ್ಣ ರಿಫ್, ಅಂದ್ರೆ ಗಿಟಾರಿನ ಚಿಕ್ಕ ಸ್ವರಗುಚ್ಛ, ಮತ್ತೆ ಮತ್ತೆ ಅದೇ. ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಪಂಕ್‌ನವರಿಗೆ ಬೇಕಾದದ್ದು ಅದರ ಸರಳತೆ. ಎರಡು ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಬಂದರೆ ಸಾಕು, ಎರಡೇ ನಿಮಿಷದಲ್ಲಿ ಹಾಡು ಮುಗಿಯಬೇಕು. ಪಂಕ್ ತಂಡ ರಾಮೋನ್ಸ್‌ನ 1976ರ ಆಲ್ಬಮ್ ಕೇಳಿ, ಗೊತ್ತಾಗುತ್ತೆ. ಮೆಟಲ್‌ನವರು ಹಿಡಿದದ್ದು ಆ ಭಾರವಾದ ರಿಫ್ಫನ್ನು. 1978ರಲ್ಲಿ ವ್ಯಾನ್ ಹೇಲನ್ ತಂಡ ಇದೇ ಹಾಡನ್ನು ಮತ್ತೆ ಹಾಡಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ, ಮೈ ಜುಂ ಅನ್ನುತ್ತೆ.

ಮೆಟಲ್‌ನ ಭಾರಕ್ಕೆ ಇನ್ನೊಂದು ಕಾರಣವೂ ಇದೆ. ಬ್ಲ್ಯಾಕ್ ಸಬ್ಬತ್ ಅನ್ನೋ ಮೆಟಲ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಆಮೇಲೆ ಗಿಟಾರಿನ ತಂತಿಗಳನ್ನೂ ಸಡಿಲ ಮಾಡಿದ, ಸ್ವರ ಕೆಳಗಿಳಿದು ಇನ್ನಷ್ಟು ಗಾಢವಾಯಿತು. ನನಗಂತೂ ಆ ಛಲ ನೆನೆದಾಗಲೆಲ್ಲ ಗಂಟಲು ಕಟ್ಟುತ್ತೆ.

ಹೆಡ್‌ಫೋನ್ ಹಾಕಿ ಮೊದಲು ಕಿಂಕ್ಸ್ ಕೇಳಿ. ಹೇಗನ್ನಿಸಿತು ಅಂತ ಬರೀರಿ.